ಬೆಕ್ಕು ನೀರು ಚೆಲ್ಲುವುದೇಕೆ?

ಗೋವಿನಕೋವಿಯಂಥ ಊರುಗಳಲ್ಲಿ ಬೆಕ್ಕಿಗೆ ತೆಂಗಿನ ಕರಟದಲ್ಲೋ ಹಳೆಯ ಲೋಟದಲ್ಲೋ ನೀರಿಡುವುದುಂಟು. ಸ್ವಲ್ಪ ಹೊತ್ತಿಗೆ ನೆಲವೆಲ್ಲ ಒದ್ದೆ! ತಪ್ಪು ಬೆಕ್ಕಿನದೇ?

ನಿಮ್ಮ ಬೆಕ್ಕು ಕುಡಿಯುವಾಗ ಗಮನಿಸಿ. ನಾಲಿಗೆಯ ತುದಿಯನ್ನು ನೀರಿಗೆ ತಾಗಿಸಿ ತಟ್ಟನೆ ಮೇಲೆತ್ತುತ್ತದೆ. ಜೊತೆಗೆ ನೀರು ಸಣ್ಣ ಕಂಬದಂತೆ ಏಳುತ್ತದೆ. ಗುರುತ್ವಾಕರ್ಷಣೆ ಅದನ್ನು ಕೆಳಗೆಳೆಯುವ ಮೊದಲೇ ಬೆಕ್ಕು ಬಾಯಿ ಮುಚ್ಚುತ್ತದೆ. ಅಮೆರಿಕದ ವಿಜ್ಞಾನಿಗಳು ಅತಿವೇಗದ ಕ್ಯಾಮೆರಾ ಬಳಸಿ 2010ರಲ್ಲಿ ಇದನ್ನು ವಿವರಿಸಿದರು. ಸೆಕೆಂಡಿಗೆ ಸುಮಾರು 4 ಬಾರಿ, ಪ್ರತಿ ಸಲ ಸಿಗುವುದು ಸುಮಾರು 0.1 ಮಿ.ಲೀ. ನಾಲಿಗೆಯನ್ನು ಹಿಂದಕ್ಕೆ ಮಡಿಸಿ ಕುಡಿಯುವ ನಾಯಿಯೇ ಹೆಚ್ಚು ಚೆಲ್ಲುವುದು.

ಹಾಗಾದರೆ ನೆಲ ಒದ್ದೆಯೇಕೆ? ತೀರ ಹತ್ತಿರದ ವಸ್ತು ಬೆಕ್ಕಿನ ಕಣ್ಣಿಗೆ ಮಸುಕು. ನಿಂತ ನೀರಿನ ಮಟ್ಟ ತಿಳಿಯದೆ ಕೆಲವು ಬೆಕ್ಕುಗಳು ಮುಂಗಾಲಿನಿಂದ ಕಲಕಿ ನೋಡುತ್ತವೆ. ಹಗುರವಾದ ಪಾತ್ರೆ ಉರುಳುತ್ತದೆ. ಅಗಲವಾದ, ಭಾರವಾದ ಬಟ್ಟಲನ್ನು ತಟ್ಟೆಯ ಮೇಲಿಟ್ಟು ದಿನವೂ ಹೊಸ ನೀರು ತುಂಬಿರಿ.

ಎಂದೂ ಚೆಲ್ಲದ ಬೆಕ್ಕು ಇದ್ದಕ್ಕಿದ್ದಂತೆ ಚೆಲ್ಲುತ್ತ ಜೊಲ್ಲು ಸುರಿಸಿದರೆ ಮಾತ್ರ ಎಚ್ಚರ. ಹಲ್ಲು, ಒಸಡಿನ ನೋವಿರಬಹುದು; ಆದರೆ ರೇಬೀಸ್ ಬೆಕ್ಕಿಗೂ ತಗಲುತ್ತದೆ. ಬಾಯಿ ಬಿಡಿಸಿ ನೋಡಬೇಡಿ, ಪಶುವೈದ್ಯರಿಗೆ ತಿಳಿಸಿ. ಕಚ್ಚಿದರೆ, ಪರಚಿದರೆ ಗಾಯವನ್ನು ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಿ.