ಗಳಿಗೆಯೂ ಗಡುವೂ

ಕಾಲವು ಮನುಷ್ಯನನ್ನು ಕಾಡುತ್ತದೆ, ಕಾಪಾಡುವುದೂ ಕಾಲವೇ. ಈ ಎರಡು ಮಾತುಗಳು ಪರಸ್ಪರ ವಿರುದ್ಧವೆಂದು ತೋರಿದರೂ ವಿಚಾರಿಸಿ ನೋಡಿದರೆ ಎರಡೂ ನಿಜ.

ಹಿಂದೆ ಮುಹೂರ್ತವನ್ನು ತಿಳಿಯಲು ಗಳಿಗೆ ಬಟ್ಟಲನ್ನು ಬಳಸುತ್ತಿದ್ದರು. ತಳದಲ್ಲಿ ಸಣ್ಣ ರಂಧ್ರವಿದ್ದ ಆ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ ಅದು ತುಂಬಿ ಮುಳುಗುವಷ್ಟರಲ್ಲಿ ಒಂದು ಗಳಿಗೆ, ಎಂದರೆ 24 ನಿಮಿಷ, ಕಳೆಯುತ್ತಿತ್ತು. ಅಹೋರಾತ್ರಿಗೆ 60 ಗಳಿಗೆ. ಅದಕ್ಕಿಂತ ಸೂಕ್ಷ್ಮವಾದ ವಿಗಳಿಗೆಯ ಲೆಕ್ಕ ಪಂಚಾಂಗದಲ್ಲಿತ್ತೇ ಹೊರತು ಹೊಲದಲ್ಲಿ ದುಡಿಯುವವನ ಬೆನ್ನಟ್ಟಿ ಬರುತ್ತಿರಲಿಲ್ಲ.

ರೈಲು ಬಂದ ಮೇಲೆ ಈ ಸ್ಥಿತಿ ಬದಲಾಯಿತು. ಊರೂರಿಗೂ ಬೇರೆಬೇರೆಯಾಗಿದ್ದ ನಡುಹಗಲು ವೇಳಾಪಟ್ಟಿಗೆ ಒಗ್ಗಲಿಲ್ಲ. 1906ರ ಜನವರಿ 1ರಂದು ಭಾರತಕ್ಕೆಲ್ಲ ಒಂದು ಪ್ರಮಾಣಕಾಲ ಗೊತ್ತಾಯಿತು. ಕಲ್ಕತ್ತ, ಮುಂಬಯಿಗಳು ಮಾತ್ರ ಇನ್ನೂ ಕೆಲವು ದಶಕ ತಮ್ಮ ಹಳೆಯ ಕಾಲವನ್ನು ಬಿಡಲಿಲ್ಲ. ಇಂದಿಗೂ ಬೆಂಗಳೂರಿನ ಗಡಿಯಾರ ಹನ್ನೆರಡು ಹೊಡೆದಾಗ ಸೂರ್ಯ ನೆತ್ತಿಗೆ ಬರಲು ಸರಾಸರಿ ಸುಮಾರು 20 ನಿಮಿಷ ಬಾಕಿಯಿರುತ್ತದೆ. ಸೂರ್ಯನ ಕಾಲವನ್ನು ಬಿಟ್ಟು ನಾವು ಒಪ್ಪಂದದ ಕಾಲದಲ್ಲಿ ಬದುಕುತ್ತಿದ್ದೇವೆ.

ಈ ಒಪ್ಪಂದದಿಂದ ಅನುಕೂಲ ಬಹಳ. ಆದರೆ ಶರೀರ ಅದಕ್ಕೆ ಬೆಲೆ ತೆರುತ್ತದೆ. ಕಾಡುಮೃಗ ಎದುರಾದಾಗ ರಕ್ತಕ್ಕಿಳಿಯುವ ಅಡ್ರಿನಲಿನ್, ಕಾರ್ಟಿಸಾಲ್‌ಗಳೇ ಗಡುವು ಎದುರಾದಾಗಲೂ ಇಳಿಯುತ್ತವೆ. ಮೃಗವಾದರೋ ಬಂದು ಹೋಗುತ್ತದೆ. ಒಂದು ಗಡುವು ಹೋದರೆ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ. ಸದಾ ಅವಸರಪಡುವ ಸ್ವಭಾವಕ್ಕೂ ಹೃದ್ರೋಗಕ್ಕೂ ಸಂಬಂಧವುಂಟೆಂದು ಅಮೆರಿಕದ ವೈದ್ಯರಾದ ಫ್ರೀಡ್‌ಮನ್ ಮತ್ತು ರೋಸೆನ್‌ಮನ್ 1959ರಲ್ಲಿ ಸಾರಿದರು. ಮುಂದಿನ ಸಂಶೋಧನೆಗಳು ಈ ನಿರ್ಣಯವನ್ನು ಪೂರ್ಣವಾಗಿ ಎತ್ತಿಹಿಡಿಯಲಿಲ್ಲ. ಆದರೂ ಅವರು ಹೆಸರಿಟ್ಟ 'ಅವಸರದ ಬೇನೆ' ಯಾರಿಗೆ ಅಪರಿಚಿತ?

ಹಾಗಾದರೆ ಬಿಡುಗಡೆ ಎಲ್ಲಿದೆ? ಅದೂ ಕಾಲದಲ್ಲಿಯೇ ಇದೆ. ಮುಗಿಯದ ಕೆಲಸವೊಂದು, ಪುಸ್ತಕ ಹಿಡಿದು ಕುಳಿತಾಗಲೂ ಮನಸ್ಸಿಗೆ ನುಗ್ಗಿ ಬರುತ್ತದೆ. ಅದನ್ನು ಯಾವಾಗ, ಹೇಗೆ ಮಾಡುವುದೆಂದು ನಿಶ್ಚಯಿಸಿಕೊಂಡರೆ, ಕೆಲಸ ಇನ್ನೂ ಉಳಿದಿದ್ದರೂ ಆ ಕಾಟ ತಗ್ಗುತ್ತದೆಂಬುದನ್ನು ಮಾಸಿಕಾಂಪೊ ಮತ್ತು ಬೌಮೈಸ್ಟರ್ 2011ರಲ್ಲಿ ಪ್ರಯೋಗಗಳಿಂದ ತೋರಿಸಿದರು. ಹೊರೆಯನ್ನು ಇಳಿಸಿಡಲು ನಾಳೆಯೆಂಬ ಒಂದು ಜಗಲಿ ದೊರೆತಂತೆ ಇದು.

ಇನ್ನೊಂದು ದಾರಿ ತನ್ಮಯತೆಯದು. ಚದುರಂಗದ ಆಟಗಾರರು, ಬಂಡೆಯೇರುವವರು, ನರ್ತಕರು ತಮ್ಮ ಕೆಲಸದಲ್ಲಿ ಮುಳುಗಿ ಹೊತ್ತಿನ ಅರಿವನ್ನೇ ಕಳೆದುಕೊಳ್ಳುವ ಬಗೆಯನ್ನು ಚಿಕ್‌ಸೆಂಟ್‌ಮಿಹಾಯಿ 1975ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಆಲಾಪನೆಯಲ್ಲಿ ಲೀನನಾದ ಗಾಯಕನನ್ನು ಕಂಡವರಿಗೆ ಇದು ಹೊಸ ಸಂಗತಿಯೇನಲ್ಲ.

ಗಡಿಯಾರವನ್ನು ತ್ಯಜಿಸಿ ಬಾಳುವುದು ಇಂದು ಯಾರಿಗೂ ಸಾಧ್ಯವಿಲ್ಲ. ದಿನದ 60 ಗಳಿಗೆಗಳಲ್ಲಿ ಒಂದನ್ನಾದರೂ ಅದರ ಕೈಗೆ ಕೊಡದೆ ಉಳಿಸಿಕೊಳ್ಳುವುದು ಸಾಧ್ಯ. ಆ 24 ನಿಮಿಷಗಳಿಗೆ ನಾವೇ ಯಜಮಾನರು.