ಮನೆಯ ಹಾಡೇ ಮೊದಲ ಪಾಠ

ಗೋಕಾಕ ತಾಲೂಕಿನ ಶಾಲೆಯೊಂದಕ್ಕೆ ಸಂಗೀತ ಶಿಕ್ಷಕನಾಗಿ ಬಂದು ನನಗಿನ್ನೂ ಒಂದು ವರ್ಷ ತುಂಬಿಲ್ಲ. ಇಷ್ಟು ಅಲ್ಪ ಅನುಭವದಲ್ಲಿ ಸಂಗೀತ ಶಿಕ್ಷಣವನ್ನು ಕುರಿತು ಬರೆಯಹೊರಡುವುದು ಹಿರಿಯರಿಗೆ ಉದ್ಧಟತನವೆನಿಸಬಹುದು. ಆದರೆ ಕಲಿಸಲು ಬಂದವನೇ ಕಲಿತುಕೊಂಡ ಒಂದು ಪಾಠವನ್ನು ಶರಣ ಬಂಧುಗಳ ಮುಂದಿಡುವುದು ಕರ್ತವ್ಯವೆಂದು ಭಾವಿಸಿ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ಮೊದಲ ದಿನ ತರಗತಿಯಲ್ಲಿ, "ಹಾಡಲು ಬರುವವರು ಯಾರು?" ಎಂದು ಕೇಳಿದೆ. ಮೂಡಲಗಿ ಕಡೆಯ ಹಳ್ಳಿಯ ಬಾಲಕಿಯೊಬ್ಬಳು ಎದ್ದು ನಿಂತು, ಕಣ್ಣು ಮುಚ್ಚಿ, ತೆರೆದ ಕಂಠದಲ್ಲಿ ಒಂದು ತತ್ವಪದ ಹಾಡಿದಳು. ಹೊಸ ಶಿಕ್ಷಕನ ಬಿಗುಮಾನದಲ್ಲಿ ನಾನು, "ಅದು ಭಜನೆಯ ಹಾಡು ತಂಗಿ. ಸಂಗೀತವೆಂದರೆ ಬೇರೆ. ಮೊದಲು ಸರಿಗಮ ಕಲಿ" ಎಂದೆ. "ಹಂಗಾರ ಇದು ಹಾಡಲ್ಲೇನ್ರಿ ಸರ್?" ಎಂದು ಅವಳು ಕೇಳಿದಳು. ಉತ್ತರ ಕೊಡದೆ ಪೇಟಿಯ ಮುಂದೆ ಕುಳಿತೆ. ಅಂದಿನಿಂದ ಆ ಮಗು ತರಗತಿಯಲ್ಲಿ ತುಟಿ ಆಡಿಸುತ್ತಿತ್ತೇ ಹೊರತು ಸ್ವರ ಹೊರಡುತ್ತಿರಲಿಲ್ಲ.

ಕೆಲವು ವಾರಗಳ ಬಳಿಕ ಅಮಾವಾಸ್ಯೆಯ ಭಜನೆಗೆಂದು ಅದೇ ಹಳ್ಳಿಯ ಮಠಕ್ಕೆ ಹೋಗುವ ಸಂದರ್ಭ ಒದಗಿತು. ಅವಳ ಅಜ್ಜ ಏಕತಾರಿ ಹಿಡಿದಿದ್ದರು. ಮೊಮ್ಮಗಳು ಪಕ್ಕದಲ್ಲಿ ಕುಳಿತು ಅದೇ ಪದ ಹಾಡುತ್ತಿದ್ದಳು. ಕೋಮಲ ಗಾಂಧಾರ, ಕೋಮಲ ನಿಷಾದಗಳು ತಮ್ಮ ತಮ್ಮ ಸ್ಥಾನದಲ್ಲಿ ಬಂದು ನಿಲ್ಲುತ್ತಿದ್ದವು. ಏರುವಾಗ ರಿಷಭ, ಧೈವತಗಳನ್ನು ಬಿಡುವಳು. ಇಳಿಯುವಾಗ ಅವನ್ನು ಮುಟ್ಟುವಳು. ಅದು ಭೀಮಪಲಾಸ ರಾಗದ ನಡೆ! ನಾನು ಪುಸ್ತಕದಿಂದ ಕಲಿಸಹೊರಟಿದ್ದುದು ಅವಳ ಕಿವಿಯಲ್ಲಿ ಆಗಲೇ ಮನೆ ಮಾಡಿತ್ತು. ನಾಚಿಕೆಯಿಂದ ನನ್ನ ತಲೆ ತಗ್ಗಿತು.

ಯೋಚಿಸಿ ನೋಡಿದರೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಹುಕ್ಕೇರಿಯ ನಮ್ಮ ಮನೆಯಲ್ಲಿ ನಮ್ಮವ್ವನ ಬೀಸುವ ಪದಗಳನ್ನು ಕೇಳುತ್ತಲೇ ನಾನು ಬೆಳೆದವನು. ನಿಜಗುಣ ಶಿವಯೋಗಿಗಳ ಕೈವಲ್ಯಪದ್ಧತಿಯನ್ನೂ ಶಿಶುನಾಳ ಶರೀಫರ ಪದಗಳನ್ನೂ ಭಜನೆಯ ಮೇಳಗಳು ತಲೆಮಾರುಗಳಿಂದ ಹಾಡಿಕೊಂಡು ಬಂದ ನಾಡು ಇದು. ಶ್ರೀಕೃಷ್ಣ ಪಾರಿಜಾತವನ್ನು ಬೆಳೆಸಿದ ಕುಲಗೋಡ ತಮ್ಮಣ್ಣ, ಅದನ್ನು ಊರೂರಿಗೆ ಕೊಂಡೊಯ್ದ ಕೌಜಲಗಿ ನಿಂಗಮ್ಮ ಇಬ್ಬರೂ ಅವಿಭಜಿತ ಗೋಕಾಕ ತಾಲೂಕಿನವರೇ. ನಮ್ಮ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಜನಿಸಿದ ಕುಮಾರ ಗಂಧರ್ವರು ಮುಂದೆ ಮಾಳವ ಪ್ರಾಂತದ ದೇವಾಸದಲ್ಲಿ ನೆಲೆಸಿ, ಅಲ್ಲಿಯ ಜನಪದ ಗೀತೆಗಳಿಗೆ ಕಿವಿಗೊಟ್ಟು, ಅವುಗಳ ಧಾಟಿಯಿಂದಲೇ ಹೊಸ ರಾಗಗಳನ್ನು ರೂಪಿಸಿದರು. ಅಂಥ ಮಹನೀಯರು ಹಳ್ಳಿಯ ಹಾಡಿನ ಮುಂದೆ ವಿದ್ಯಾರ್ಥಿಯಾಗಿ ಕುಳಿತಿರುವಾಗ ನನ್ನಂಥವನ ಬಿಗುಮಾನಕ್ಕೆ ಬೆಲೆಯೆಲ್ಲಿ?

ಹಾಗೆಂದು ಭಜನೆಯಷ್ಟೇ ಸಾಕು, ಶಾಸ್ತ್ರ ಬೇಡವೆಂದು ನನ್ನ ಅಭಿಪ್ರಾಯವಲ್ಲ. ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳ ಕಂಠಸಿರಿಯನ್ನು ಬಾಲ್ಯದಲ್ಲಿಯೇ ಗುರುತಿಸಿ, ಅವರ ಸಂಗೀತಾಭ್ಯಾಸಕ್ಕೆ ವ್ಯವಸ್ಥೆ ಮಾಡಿದವರು ಹಾನಗಲ್ಲ ಕುಮಾರ ಶಿವಯೋಗಿಗಳು. ಗವಾಯಿಗಳು ಕರ್ನಾಟಕಿ, ಹಿಂದುಸ್ತಾನಿ ಎರಡನ್ನೂ ಕಠಿಣ ಸಾಧನೆಯಿಂದ ಕರಗತ ಮಾಡಿಕೊಂಡರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾಗುವವರೆಗೂ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ, ಅನಾಥ ಮಕ್ಕಳಿಗೆ ಅನ್ನದೊಂದಿಗೆ ಸ್ವರವನ್ನೂ ಉಣಿಸಿದರು. ಇಲ್ಲಿಯ ಕ್ರಮವನ್ನು ಗಮನಿಸಬೇಕು: ಮೊದಲು ಮಗುವಿನ ಕಂಠವನ್ನು ಕೇಳಿದರು, ಆಮೇಲೆ ಶಾಸ್ತ್ರವನ್ನು ಕೊಟ್ಟರು. ನಾನು ಕೇಳದೆಯೇ ಕೊಡಹೊರಟಿದ್ದೆ.

ಮರುವಾರ ಆ ಬಾಲಕಿಯನ್ನು ಕರೆದು ತರಗತಿಯೆಲ್ಲರೆದುರು, "ಅದು ಹಾಡೇ ತಂಗಿ, ತಪ್ಪು ನನ್ನದು" ಎಂದೆ. ಅವಳು ಮೆಲ್ಲನೆ ಹಾಡಿದಂತೆ ಒಂದೊಂದೇ ಸಾಲಿನ ಸ್ವರಗಳನ್ನು ಫಲಕದ ಮೇಲೆ ಬರೆದೆ. ತಮ್ಮೂರ ಪದದಲ್ಲಿಯೂ ಸರಿಗಮ ಇದೆಯೆಂದು ಕಂಡು ಮಕ್ಕಳು ಹಿಗ್ಗಿದರು. ಈಗ ಪ್ರತಿ ವಾರ ಒಬ್ಬ ವಿದ್ಯಾರ್ಥಿ ಮನೆಯಿಂದ ಒಂದು ಹಾಡು ತರಬೇಕು. ಅದರಿಂದಲೇ ಶ್ರುತಿ, ಸ್ವರ, ತಾಳಗಳ ಪಾಠ. ಪೇಟಿಯ ಬದಲು ತಂಬೂರಿಯೊಡನೆ ಷಡ್ಜ ಹಿಡಿದು ನಿಲ್ಲುವ ಅಭ್ಯಾಸವನ್ನೂ ಮಾಡಿಸುತ್ತಿದ್ದೇನೆ.

ಆದರೆ ಒಂದು ಚಿಂತೆ ನನ್ನನ್ನು ಕಾಡುತ್ತಿದೆ. ಮೊನ್ನೆ ಮೂವರು ಮಕ್ಕಳು, "ನಮ್ಮನ್ಯಾಗ ಯಾರೂ ಹಾಡೂದಿಲ್ರಿ ಸರ್" ಎಂದು ಬರಿಗೈಯಲ್ಲಿ ಬಂದರು. ಪಾಲಕರು ನನ್ನನ್ನು ಕಂಡಾಗ ಕೇಳುವುದು ಒಂದೇ ಪ್ರಶ್ನೆ: "ಜೂನಿಯರ್ ಪರೀಕ್ಷೆಗೆ ಯಾವಾಗ ಕೂಡಿಸ್ತೀರಿ?" ಪರೀಕ್ಷೆಯೂ ಬೇಕು, ಸಂಶಯವಿಲ್ಲ. ಆದರೆ ಮನೆಯೇ ಮೌನವಾದರೆ ಶಿಕ್ಷಕನು ಯಾವ ಬೀಜಕ್ಕೆ ನೀರೆರೆಯಬೇಕು?

ಆದ್ದರಿಂದ ತಾಯಂದಿರಲ್ಲಿ, ಹಿರಿಯರಲ್ಲಿ ನನ್ನ ವಿನಂತಿ ಇಷ್ಟೆ. ಸಂಜೆ ಲಿಂಗಪೂಜೆಯಾದ ಮೇಲೆ ಮಕ್ಕಳನ್ನು ಹತ್ತಿರ ಕೂಡಿಸಿಕೊಂಡು ಒಂದು ವಚನವನ್ನೋ ಪದವನ್ನೋ ಹಾಡಿರಿ. ಕಂಠ ಇಂಪಾಗಿಲ್ಲವೆಂದು ಸಂಕೋಚಪಡಬೇಡಿರಿ. ಉಳಿದುದನ್ನು ಕಲಿಸಲು ಶಾಲೆಯಲ್ಲಿ ನಾವಿದ್ದೇವೆ; ಆ ಮೊದಲ ಪಾಠ ಮಾತ್ರ ನಿಮ್ಮದು.