ಶಾಸನದ ಅಕ್ಷರಕ್ಕೂ ಲೆಕ್ಕವುಂಟು

ಸಾಹಿತ್ಯಕ್ಕೂ ಗಣಿತಕ್ಕೂ ಎಣ್ಣೆ-ಸೀಗೆಕಾಯಿಯ ಸಂಬಂಧವೆಂದು ಭಾವಿಸುವವರು ನಮ್ಮಲ್ಲಿ ಬಹಳ. ಆದರೆ ನಮ್ಮ ಪ್ರಾಚೀನ ಛಂದಸ್ಸಿನ ಪಂಡಿತರು ಈ ಹಗೆತನವನ್ನು ಅರಿತವರಲ್ಲ. ತ್ರಿಪದಿಯನ್ನೇ ನೋಡಿರಿ: ಒಟ್ಟು 11 ಗಣಗಳು, ಅವುಗಳಲ್ಲಿ ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ. ಆ ತ್ರಿಪದಿಯ ಅತಿ ಪ್ರಾಚೀನ ಮಾದರಿಯನ್ನು ಕಾಣಬೇಕಾದರೆ ಬಾದಾಮಿಗೇ ಹೋಗಬೇಕು. ಅಲ್ಲಿಯ ಬಂಡೆಯ ಮೇಲೆ ಸುಮಾರು ಕ್ರಿ.ಶ. 700ರಲ್ಲಿ ಕೊರೆದ ಕಪ್ಪೆ ಅರಭಟ್ಟನ ಶಾಸನವು ಕಾವ್ಯವೂ ಹೌದು, ಲೆಕ್ಕವೂ ಹೌದು.

ಬಾಗಿಲುಕೋಟೆಯ ಸೀಮೆ ಇಂತಹ ಶಿಲಾಲೇಖಗಳ ಭಂಡಾರ. ಬಾದಾಮಿಯ ಕೋಟೆಯ ಬಂಡೆಯ ಮೇಲೆ 543ರ ಸಂಸ್ಕೃತ ಶಾಸನವಿದೆ. ಹುನಗುಂದ ಸೀಮೆಯ ಐಹೊಳೆಯಲ್ಲಿ, ಮೇಗುಟಿಯ ಗೋಡೆಯ ಮೇಲೆ, ರವಿಕೀರ್ತಿಯು 634ರಲ್ಲಿ ಬರೆಸಿದ ಪ್ರಶಸ್ತಿಯಿದೆ. ಇವುಗಳ ನೆರೆಯಲ್ಲಿಯೇ ಕನ್ನಡವೂ ಕಲ್ಲಿನ ಮೇಲೆ ತನ್ನ ಬಾಳಿನ ದಿನಚರಿಯನ್ನು ಬರೆದುಕೊಂಡು ಬಂದಿದೆ. ಆ ದಿನಚರಿಯನ್ನು ಓದುವ ಬಗೆ ಹೇಗೆ?

ಚೀಟಿಯಿಂದ ಗಣಕಯಂತ್ರಕ್ಕೆ

ಹಳಗನ್ನಡದ ‘ಪಾಲ್’ ಇಂದು ‘ಹಾಲು’; ‘ಪೆಸರ್’ ಇಂದು ‘ಹೆಸರು’. ಪಕಾರವು ಹಕಾರವಾಗುವ ಈ ಮಾರ್ಪಾಡು ಸುಮಾರು ಹತ್ತನೆಯ ಶತಮಾನದಿಂದ ಶಾಸನಗಳಲ್ಲಿ ಕಾಣತೊಡಗಿ ಮೆಲ್ಲಮೆಲ್ಲನೆ ಹಬ್ಬಿತು. ಇಂತಹ ಸಂಗತಿಗಳನ್ನು ಅರಿಯಲು ಹಿಂದಿನ ವಿದ್ವಾಂಸರು ಒಂದೊಂದು ರೂಪವನ್ನೂ ಕೈಯಾರೆ ಹೆಕ್ಕಿ ಪಟ್ಟಿಮಾಡಬೇಕಾಗಿತ್ತು. ಆರು, ಏಳನೆಯ ಶತಮಾನಗಳ ಶಾಸನಗಳ ವ್ಯಾಕರಣವನ್ನು ಎ.ಎನ್. ನರಸಿಂಹಯ್ಯನವರು 1941ರಲ್ಲಿಯೂ, ಎಂಟರಿಂದ ಹತ್ತನೆಯ ಶತಮಾನದವರೆಗಿನದನ್ನು ಜಿ.ಎಸ್. ಗಾಯಿಯವರು 1946ರಲ್ಲಿಯೂ ಪ್ರಕಟಿಸಿದರು. ರಷ್ಯಾದ ಗಣಿತಜ್ಞ ಮಾರ್ಕೋವ್ ಪುಷ್ಕಿನ್ನನ ಪದ್ಯಕಾದಂಬರಿಯೊಂದರ 20,000 ಅಕ್ಷರಗಳಲ್ಲಿ ಸ್ವರ-ವ್ಯಂಜನಗಳನ್ನು ಎಣಿಸಿ 1913ರಲ್ಲಿ ಮಂಡಿಸಿದ್ದೂ ಇಂತಹುದೇ ತಪಸ್ಸು.

ಇಂದು ಈ ಎಣಿಕೆಯ ಭಾರವನ್ನು ಗಣಕಯಂತ್ರವು ಹೊರುತ್ತದೆ. ಅದಕ್ಕೆ ಆಜ್ಞೆ ಕೊಡುವ ಭಾಷೆಗಳಲ್ಲಿ ‘ಆರ್’ ಎಂಬುದು ಒಂದು. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕ, ರಾಬರ್ಟ್ ಜೆಂಟಲ್‌ಮನ್ ಎಂಬಿಬ್ಬರು 1990ರ ದಶಕದ ಆರಂಭದಲ್ಲಿ ಇದನ್ನು ರೂಪಿಸಿದರು. ಸಂಖ್ಯಾಶಾಸ್ತ್ರಕ್ಕೆಂದೇ ಹುಟ್ಟಿದ ಈ ಭಾಷೆಗೆ ಬೆಲೆಯಿಲ್ಲ. ಬೇಕಾದವರು ಬಿಟ್ಟಿಯಾಗಿ ಪಡೆಯಬಹುದು.

ಇದರ ಕೆಲಸವನ್ನು ಇಳಕಲ್ಲಿನ ಮಗ್ಗದಿಂದ ತಿಳಿಯುವುದು ಸುಲಭ. ನೇಕಾರನು ಮೊದಲು ಹಾಸನ್ನು ಹೂಡಿ, ಬಳಿಕ ಲಾಳಿಯಿಂದ ಹೊಕ್ಕನ್ನು ಸೇರಿಸುತ್ತಾನೆ. ಎಳೆಗಳ ಲೆಕ್ಕ ತಪ್ಪಿದರೆ ಅಂಚಿನ ವಿನ್ಯಾಸವೇ ಕೆಡುತ್ತದೆ. ಹಾಗೆಯೇ ಒಂದೊಂದು ಪದಕ್ಕೂ ಒಂದು ಅಡ್ಡಸಾಲು. ಅದು ದೊರೆತ ಊರು, ಶತಮಾನ, ಮೊದಲಕ್ಷರ ಇವುಗಳಿಗೆ ಒಂದೊಂದು ನಿಲುಸಾಲು. ಈ ಕೋಷ್ಟಕ ಸಿದ್ಧವಾದರೆ, ಯಾವ ಶತಮಾನದಲ್ಲಿ ಪಕಾರವೆಷ್ಟು, ಹಕಾರವೆಷ್ಟು ಎಂಬುದನ್ನು ಯಂತ್ರವು ಕ್ಷಣಾರ್ಧದಲ್ಲಿ ಎಣಿಸಿ, ರೇಖಾಚಿತ್ರವಾಗಿಯೂ ಬರೆದು ತೋರಿಸುತ್ತದೆ. ಒಂದು ರೇಖೆ ಇಳಿಯುವುದನ್ನೂ ಇನ್ನೊಂದು ಏರುವುದನ್ನೂ ಕಣ್ಣಾರೆ ಕಾಣಬಹುದು.

ಯಂತ್ರಕ್ಕೆ ತಿಳಿಯದ ಕನ್ನಡ

ಆದರೆ ಯಂತ್ರಕ್ಕೆ ವೇಗವಿದೆ, ವಿವೇಕವಿಲ್ಲ. ‘ಕನ್ನಡ’ ಎಂಬ ಪದದಲ್ಲಿ ಅಕ್ಷರಗಳೆಷ್ಟೆಂದು ಕೇಳಿದರೆ ಮನೆಯ ಚಿಕ್ಕ ಮಗುವೂ ಮೂರೆನ್ನುತ್ತದೆ. ಯಂತ್ರವು ಐದು ಎನ್ನುತ್ತದೆ! ಒತ್ತಕ್ಷರವನ್ನು ಅದು ನಕಾರ, ವಿರಾಮಚಿಹ್ನೆ, ಮತ್ತೊಂದು ನಕಾರ ಎಂದು ಬಿಡಿಸಿ ಸಂಕೇತಗಳಾಗಿ ಇಟ್ಟುಕೊಳ್ಳುವುದೇ ಇದಕ್ಕೆ ಕಾರಣ. ಒಂದೇ ಅಕ್ಷರವಾದ ‘ಸ್ತ್ರೀ’ ಅದರ ಲೆಕ್ಕದಲ್ಲಿ ಆರು. ಊರಿನ, ಊರಿಗೆ, ಊರಲ್ಲಿ ಎಂಬ ಮೂರನ್ನೂ ಅದು ಬೇರೆಬೇರೆ ಪದಗಳೆಂದೇ ಎಣಿಸುತ್ತದೆ. ಇವೆಲ್ಲ ಒಂದೇ ಮನೆಯವೆಂದು ವಿಭಕ್ತಿಪ್ರತ್ಯಯ ಬಲ್ಲವರು ಹೇಳಿಕೊಡಬೇಕು. ‘ಪುಣ್ಯ’, ‘ಪರ್ವತ’ಗಳು ಸಂಸ್ಕೃತದವಾದ್ದರಿಂದ ಎಂದೂ ಹಕಾರಕ್ಕೆ ತಿರುಗಲಿಲ್ಲ, ಅವುಗಳನ್ನು ಬೇರ್ಪಡಿಸದೆ ಮಾಡಿದ ಎಣಿಕೆ ಸುಳ್ಳನ್ನೇ ಸಾರುತ್ತದೆ. ಕನ್ನಡದ ವಿದ್ಯಾರ್ಥಿಯ ಓದು ಸಾರ್ಥಕವಾಗುವುದು ಇಲ್ಲಿಯೇ.

ಎಣಿಕೆಯಲ್ಲಿಯೂ ಮೋಸವುಂಟು. ಒಂದು ಶತಮಾನದ 2,000 ಪದಗಳಲ್ಲಿ ಒಂದು ರೂಪವು 40 ಸಲವೂ, ಮತ್ತೊಂದು ಶತಮಾನದ 500 ಪದಗಳಲ್ಲಿ 20 ಸಲವೂ ಬಂದಿದೆಯೆಂದು ಉದಾಹರಣೆಗಾಗಿ ಇಟ್ಟುಕೊಳ್ಳೋಣ. ಮೊದಲನೆಯದೇ ಹೆಚ್ಚೆಂದು ತೋರುವುದು ಸಹಜ. ಸಾವಿರಕ್ಕೆ ಎಷ್ಟೆಂದು ನೋಡಿದರೆ ಮೊದಲನೆಯದು 20, ಎರಡನೆಯದು 40. ದೊರೆತ ಶಾಸನಗಳು ಬರೆದ ಶಾಸನಗಳಲ್ಲಿ ಕೆಲವು ಮಾತ್ರವೆಂಬುದನ್ನೂ, ಕಲ್ಲಿನ ಭಾಷೆಯು ಬಾಯಿಯ ಭಾಷೆಗಿಂತ ಹಿಂದೆ ಉಳಿಯುವುದುಂಟೆಂಬುದನ್ನೂ ಮರೆಯಲಾಗದು.

ಮುಳುಗದಿರಲಿ ಮಾತು

ಈ ವಿದ್ಯೆ ಸತ್ತ ಮಾತಿನ ಲೆಕ್ಕಕ್ಕಷ್ಟೇ ಅಲ್ಲ. ಬಾಗಿಲುಕೋಟೆಯ ಕಡೆಯವರು ‘ಮಾಡಾಕತ್ತೀನಿ’ ಎನ್ನುತ್ತಾರೆ. ಪಠ್ಯಪುಸ್ತಕ ‘ಮಾಡುತ್ತಿದ್ದೇನೆ’ ಎನ್ನುತ್ತದೆ. ‘ಐತಿ’ ಎನ್ನುವವರೆಷ್ಟು, ‘ಅದ’ ಎನ್ನುವವರೆಷ್ಟು, ‘ಇದೆ’ ಎನ್ನತೊಡಗಿದ ಮಕ್ಕಳೆಷ್ಟು? ಬಾದಾಮಿ, ಹುನಗುಂದ, ಇಳಕಲ್ಲುಗಳಲ್ಲಿ ಅಜ್ಜಿಯ ಮಾತನ್ನೂ ಮೊಮ್ಮಗಳ ಮಾತನ್ನೂ ಅವರ ಒಪ್ಪಿಗೆಯಿಂದ ಧ್ವನಿಮುದ್ರಿಸಿ, ಬರೆದು, ಎಣಿಸಿದರೆ ಇದಕ್ಕೆ ಉತ್ತರ ದೊರೆತೀತು.

ಈ ಕಾರ್ಯಕ್ಕೆ ಅವಸರವೂ ಇದೆ. ಆಲಮಟ್ಟಿಯ ಅಣೆಕಟ್ಟಿನ ಹಿನ್ನೀರು ಹಳೆಯ ಬಾಗಿಲುಕೋಟೆಯ ಓಣಿಗಳನ್ನು ಆಕ್ರಮಿಸಿದಾಗ ಸಾವಿರಾರು ಮನೆಯವರು ನವನಗರಕ್ಕೆ ತೆರಳಿದರು. ಮನೆಗೆ ಪರಿಹಾರವುಂಟು, ಹೊಲಕ್ಕೆ ಪರಿಹಾರವುಂಟು. ಒಂದು ಓಣಿಯ ಮಾತಿಗೆ ಪರಿಹಾರವನ್ನು ಯಾರು ಕೊಡಬಲ್ಲರು? ನೆರೆಹೊರೆ ಚದುರಿದಂತೆ ಅಲ್ಲಿಯ ನುಡಿಗಟ್ಟೂ ಚದುರುತ್ತದೆ. ಜೊತೆಗೆ, ಇಂದಿನ ಯಂತ್ರಗಳು ಕನ್ನಡವನ್ನು ಕಲಿಯುತ್ತಿರುವುದು ತಮಗೆ ದೊರೆತ ಬರಹದಿಂದ. ಬರಹಕ್ಕೆ ಬಾರದ ಮಾತು ಅವುಗಳ ಪಾಲಿಗೆ ಇಲ್ಲದ ಮಾತೇ ಸರಿ.

ಆದ್ದರಿಂದ ಕನ್ನಡವನ್ನು ಐಚ್ಛಿಕವಾಗಿ ಓದುವ ಮಗನಿಗೋ ಮಗಳಿಗೋ ಗಣಕಯಂತ್ರದ ಮುಂದೆ ಕೂರಲು ತಂದೆತಾಯಿಗಳು ಉತ್ತೇಜನ ಕೊಡಲಿ. ಆರಂಭಕ್ಕೆ ಹೆಚ್ಚಿನ ಗಣಿತ ಬೇಡ. ಕೂಡುವುದು, ಭಾಗಿಸುವುದು, ತಾಳ್ಮೆ, ಇಷ್ಟಿದ್ದರೆ ಸಾಕು. ಕಪ್ಪೆ ಅರಭಟ್ಟನ ಕಾಲದವರು ತಮ್ಮ ನುಡಿಯನ್ನು ಬಂಡೆಗೆ ಒಪ್ಪಿಸಿದರು. ನಮ್ಮ ನುಡಿಯನ್ನು ನಾವು ಎಲ್ಲಿಗೆ ಒಪ್ಪಿಸಬೇಕೆಂಬುದನ್ನು ಈ ತಲೆಮಾರೇ ನಿಶ್ಚಯಿಸಬೇಕಾಗಿದೆ.